ಸೋತರ ಬ್ಯಾಟ್ ಒಗೀತಾನ, ಸಾಲ್ಯಾಗ ಬಾಯಿ ಬಿಡೂದಿಲ್ಲ: ಜೂಡೋ, ಕರಾಟೆ, ಗರಡಿ, ಯಾವುದರಿಂದ ಏನು ಬರ್ತೈತಿ?

ಪ್ರಶ್ನೆ: ಶಹಾಪುರದ ತಾಯಿ (ಬೆಳಗಾವಿ)

ಎಲ್ಲಾರಿಗೂ ನಮಸ್ಕಾರ್ರಿ. ಮಗಗ 8 ವರ್ಷ, ಮಗಳಿಗೆ 6. ಮಗ ಆಟದಾಗ ಸೋತ ಅಂದ್ರ ಬ್ಯಾಟ್ ಒಗೀತಾನ, ಔಟ್ ಅಂದವರ ಜೋಡಿ ಜಗಳ ತಗೀತಾನ. ಅದೇ ಹುಡುಗ ಸಾಲ್ಯಾಗ ಯಾರರ ಡಬ್ಬಿ ಕಸಗೊಂಡ್ರ ಸುಮ್ಮ ನಿಂತಬಿಡ್ತಾನ. ನಮ್ಮ ಓಣ್ಯಾಗ ಕರಾಟೆ ಕ್ಲಾಸ್ ಐತಿ, ಸ್ವಲ್ಪ ದೂರ ಜೂಡೋ ಐತಿ, ಅವನ ಅಜ್ಜಾರು ಗರಡಿಗೆ ಕಳಸ್ರಿ ಅಂತಾರ. ಬೋರ್ಡಿನ ಮ್ಯಾಲ ಎಲ್ಲಾರೂ "ಶಿಸ್ತು, ಧೈರ್ಯ, ಆತ್ಮವಿಶ್ವಾಸ" ಅಂತ ಬರದಾರ. ನನಗ ಬೇಕಾಗಿದ್ದು ಅದರ ಒಳಗಿನ ಮಾತು. ಕ್ಲಾಸಿನ್ಯಾಗ ಮಾಡೂ ಯಾವ ಕೆಲಸದಿಂದ ಯಾವ ಗುಣ ಬರ್ತೈತಿ? ಎಷ್ಟು ದಿನ ಹಿಡೀತೈತಿ? ಮನ್ಯಾಗ ನಾವು ಏನ್ ಮಾಡಬೇಕು? ತಿಳದವ್ರು ಬಿಡಿಸಿ ಹೇಳ್ರಿ.

ಉತ್ತರ: ಜೂಡೋ ಮ್ಯಾಟ್ (ಬೆಳಗಾವಿ)

ಅಕ್ಕಾರ, ಜೂಡೋದಲ್ಲಿ ಎಸೆಯುವುದಕ್ಕಿಂತ ಮೊದಲು ಬೀಳುವುದನ್ನು ಕಲಿಸುತ್ತಾರೆ. ಮೊದಲ 6ರಿಂದ 8 ವಾರ ಹೆಚ್ಚಿನ ಹೊತ್ತು ಅದರಲ್ಲೇ ಹೋಗಬೇಕು. ಸೋತರೆ ಬ್ಯಾಟ್ ಒಗೆಯುವ ಹುಡುಗನಿಗೆ ಬೇಕಾಗಿದ್ದೂ ಅದೇ.

ಹಿಂದಕ್ಕೆ ಬೀಳುವ ಕ್ರಮ ನೋಡಿ. ಮೊದಲು ಮ್ಯಾಟ್ ಮೇಲೆ ಅಂಗಾತ ಮಲಗಿಸಿ, ಗದ್ದವನ್ನು ಎದೆಗೆ ಒತ್ತಿ ತನ್ನ ಬೆಲ್ಟಿನ ಗಂಟನ್ನೇ ನೋಡು ಅನ್ನುತ್ತಾರೆ. ಎರಡೂ ಕೈಗಳು ಮೈಯಿಂದ ಸುಮಾರು 30ರಿಂದ 45 ಡಿಗ್ರಿ ದೂರ, ಅಂಗೈ ಕೆಳಗೆ. ಉಸಿರು ಬಿಡುತ್ತಾ ಎರಡೂ ಅಂಗೈಯಿಂದ ಮ್ಯಾಟ್ ಬಡಿಯಬೇಕು. 10 ಸಲ. ಅದು ಕೂಡಿದ ಮೇಲೆ ಕುಳಿತಲ್ಲಿಂದ, ನಂತರ ಕುಕ್ಕರಗಾಲಿನಿಂದ, ಕೊನೆಗೆ ನಿಂತಲ್ಲಿಂದ. ಒಂದೊಂದು ಹಂತಕ್ಕೆ ಒಂದೆರಡು ವಾರ ಕೊಡಬೇಕು. ಅವಸರ ಮಾಡಿದರೆ ಎರಡು ತಪ್ಪು ಆಗುತ್ತವೆ. ಒಂದು, ಮಗು ಮೇಲಿನ ಛಾವಣಿ ನೋಡುತ್ತದೆ; ಗದ್ದ ಮೇಲೆದ್ದು ತಲೆಯ ಹಿಂಭಾಗ ಮ್ಯಾಟಿಗೆ ತಾಗುತ್ತದೆ. ಇನ್ನೊಂದು, ಹೆದರಿ ಕೈಯನ್ನು ಹಿಂದಕ್ಕೆ ಊರುತ್ತದೆ. ಮೈಭಾರವೆಲ್ಲ ಒಂದೇ ಕೈ ಮೇಲೆ ಬಂದು ಮಣಿಕಟ್ಟೋ ಮೊಣಕೈಯೋ ಮುರಿಯುವುದು ಹೀಗೆಯೇ.

ದಿನಕ್ಕೆ 30, 40 ಸಲ ಬಿದ್ದು, ಎದ್ದು, ಡ್ರೆಸ್ ಸರಿಮಾಡಿಕೊಂಡು, ಎದುರಿಗಿದ್ದವನಿಗೆ ಬಾಗಿ, ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುವುದಿದೆಯಲ್ಲ, ಬೀಳುವುದು ಅಂದರೆ ಅವಮಾನ ಅಲ್ಲ ಅನ್ನುವುದು ಅಲ್ಲಿ ಮೈಗೆ ಹತ್ತುತ್ತದೆ. ಬಾಯಿಮಾತಲ್ಲಿ ಇದನ್ನು ನೂರು ಸಲ ಹೇಳಿದರೂ 8 ವರ್ಷದ ಹುಡುಗನ ತಲೆಗೆ ಇಳಿಯುವುದಿಲ್ಲ.

ಎಸೆಯುವುದನ್ನು ಕಲಿಸುವಾಗ ನೀವು ಹೋಗಿ ಒಂದು ಸಂಗತಿ ನೋಡಿ. ಎಸೆದವನು ಬೀಳುತ್ತಿರುವವನ ತೋಳನ್ನು ಬಿಡಬಾರದು. ತೋಳಿನ ಬಟ್ಟೆ ಹಿಡಿದು ಕೊನೆಗಳಿಗೆಯಲ್ಲಿ ಸ್ವಲ್ಪ ಮೇಲಕ್ಕೆ ಎಳೆಯಬೇಕು. ಹಾಗೆ ಎಳೆದರೆ ಬೀಳುವವನ ತಲೆ ಮೇಲೇ ಉಳಿದು ಬೆನ್ನಿನ ಪಕ್ಕ ಮೊದಲು ತಾಗುತ್ತದೆ. ಬಿಟ್ಟುಬಿಟ್ಟರೆ ಅವನು ಹೆಗಲ ಮೇಲೆ ಬೀಳುತ್ತಾನೆ. ಅಂದರೆ ಗೆಲ್ಲುವವನ ಕೈಯಲ್ಲೇ ಸೋಲುವವನ ಕ್ಷೇಮ ಇರುತ್ತದೆ. ಒಳ್ಳೆಯ ತರಬೇತುದಾರರು ಚೆಂದದ ಎಸೆತಕ್ಕಲ್ಲ, ಹಿಡಿದಿಟ್ಟ ಆ ಕೈಗೆ ಶಭಾಷ್ ಅನ್ನುತ್ತಾರೆ. ಜೂಡೋವನ್ನು 1882ರಲ್ಲಿ ಕಟ್ಟಿದ ಜಿಗೋರೋ ಕಾನೋ ಸ್ವತಃ ಶಿಕ್ಷಕ. ತಾನೂ ಬೆಳೆಯಬೇಕು, ಎದುರಿನವನೂ ಬೆಳೆಯಬೇಕು ಅನ್ನುವುದನ್ನು ಅವರು ಕಲೆಯ ಬುಡಕ್ಕೇ ಇಟ್ಟರು.

ಎಲ್ಲಕ್ಕಿಂತ ದೊಡ್ಡ ಪಾಠ ತಟ್ಟುವುದು. ನೆಲದ ಹಿಡಿತದಲ್ಲಿ ಸಿಕ್ಕವನು ಎರಡು ಸಲ ತಟ್ಟಿದರೆ, ಇಲ್ಲವೆ "ಮಾಯಿತ್ತಾ" (ಸೋತೆ) ಅಂದರೆ, ಹಿಡಿದವನು ತಕ್ಷಣ ಬಿಡಬೇಕು. "ಒಂದು ಸೆಕೆಂಡ್ ಇರು" ಅನ್ನುವ ಮಾತೇ ಇಲ್ಲ. ತಡಮಾಡಿದವನು ಆ ದಿನ ಮುಂದಿನ ಜೋಡಿಗೆ ಇಳಿಯುವುದಿಲ್ಲ. ಸಣ್ಣ ಮಕ್ಕಳಿಗೆ ಕುತ್ತಿಗೆ ಒತ್ತುವುದು, ಮೊಣಕೈ ತಿರುವುವುದು ಕಲಿಸಲೇಬಾರದು. ಬರೀ ಬೆನ್ನು ನೆಲಕ್ಕೆ ಹಚ್ಚಿ ಹಿಡಿಯುವ ಹಿಡಿತ ಸಾಕು. ಸ್ಪರ್ಧೆಯಲ್ಲಿ ಅಂಥ ಹಿಡಿತ 20 ಸೆಕೆಂಡ್ ನಿಂತರೆ ಪೂರ್ಣ ಗೆಲುವು. ಆ 20 ಸೆಕೆಂಡಿನಲ್ಲಿ ಕೆಳಗಿದ್ದ ಹುಡುಗ ಕಾಲು ಝಾಡಿಸಿ ಚೀರಾಡಿದರೆ 5 ಸೆಕೆಂಡಿಗೇ ಉಸಿರು ಮುಗಿಯುತ್ತದೆ. ಮೊದಲು ಉಸಿರು, ಆಮೇಲೆ ಮಗ್ಗುಲಿಗೆ ತಿರುಗು, ಮೊಣಕಾಲು ಒಳಗೆ ತಾ, ಜಾಗ ಮಾಡಿಕೋ, ಇದು ಕ್ರಮ. ನಿಮ್ಮ ಹುಡುಗ ಸಾಲಿಯಲ್ಲಿ ಸುಮ್ಮನೆ ನಿಂತುಬಿಡುತ್ತಾನೆ ಅಂದಿರಲ್ಲ, ಸಿಕ್ಕಿಬಿದ್ದಾಗ ತಲೆ ಓಡಿಸುವ ಅಭ್ಯಾಸ ಅವನಿಗೆ ಈ ಕೆಳಗಿನ ಜಾಗದಲ್ಲೇ ಸಿಗುತ್ತದೆ.

ವಾರಕ್ಕೆ 2 ಅಥವಾ 3 ದಿನ, ಒಂದೊಂದು ತಾಸು ಸಾಕು. ಮನೆಯಲ್ಲಿ ಫರಕು ಕಾಣಲು ಮೂರು, ನಾಲ್ಕು ತಿಂಗಳಾದರೂ ಬೇಕು. ಬೆಳಗಾವಿಯಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜೂಡೋ ಕೇಂದ್ರವೂ ಇದೆ, ಅಲ್ಲಿ ವಿಚಾರಿಸಿ.

ಉತ್ತರ: ಮುಧೋಳದ ಗರಡಿ (ಬಾಗಲಕೋಟೆ ಜಿಲ್ಲಾ)

ಅಜ್ಜಾರ ಮಾತ ತಗದ ಹಾಕಬ್ಯಾಡ್ರಿ ಅವ್ವಾರ. ಗರಡಿ ಅಂದ್ರ ಬರೇ ಪಟ್ಟು ಅಂತ ಮಂದಿ ತಿಳಕೊಂಡಾರ. ಪಟ್ಟಿಗಿಂತ ಮೊದಲ ಮಣ್ಣು.

ಕೆಂಪ ಮಣ್ಣು ಸಾಣಿಗಿ ಹಿಡದು, ಅರಿಷಿಣ, ಎಣ್ಣಿ, ಮಜ್ಜಿಗಿ, ಲಿಂಬಿ ರಸ ಕೂಡಿಸಿ ಕಣ ಮಾಡಿರ್ತಾರ. ದಿನಾ ಕುಸ್ತಿಗಿಂತ ಮೊದಲ ಅದನ್ನ ಸಲಕಿಲೆ ಅಗದು, ಹೆಂಟಿ ಒಡದು, ನೀರ ಚಿಮುಕಿಸಿ, ಸಪಾಟ ಮಾಡಬೇಕು. ನಿನ್ನಿ ತುಳದ ಮಣ್ಣು ಇವತ್ತಿಗೆ ಗಟ್ಟಿ ಆಗಿರ್ತೈತಿ, ಹಂಗ ಬಿಟ್ರ ಬಿದ್ದವನ ಹೆಗಲ ತೊಗಲ ಕಿತ್ತ ಬರ್ತೈತಿ. ನೀರ ಹೆಚ್ಚಾದ್ರ ಕಾಲ ಜಾರ್ತಾವ, ಕಡಿಮಿ ಆದ್ರ ಧೂಳ ಎದ್ದು ಕಣ್ಣಾಗ ಹೋಗ್ತೈತಿ. ಒಂದ ಮುಷ್ಟಿ ತಗೊಂಡು ಒತ್ತಿದ್ರ ಉಂಡಿ ಆಗಬೇಕು, ಅದೇ ಉಂಡಿನ ಹೆಬ್ಬೆರಳಿಲೆ ಮುಟ್ಟಿದ್ರ ಒಡದು ಉದರಬೇಕು. ಅದು ಹದ. 8 ವರ್ಷದ ಹುಡುಗಗ ಸಣ್ಣ ಸಲಕಿ ಕೊಟ್ಟು ಒಂದ ಮೂಲಿ ವಹಿಸಿದ್ರ ಸಾಕು. ತಾ ಬೀಳೂ ಜಾಗಾನೂ, ತನ್ನ ಜೋಡಿ ಬೀಳೂ ಜಾಗಾನೂ ಅವನ ಕೈಲೇ ಹದ ಆಗ್ತೈತಿ. ಹೆಂಟಿ ಉಳಿಸಿದ್ರ ಯಾರಿಗರ ಚುಚ್ಚತೈತಿ ಅನ್ನೂದು ಅವಗ ತಾನ ತಿಳೀತೈತಿ. ಒಂದ ಮಾತು: ಈ ಕೆಲಸ ದೊಡ್ಡ ಪೈಲ್ವಾನ್ರೂ ಮಾಡಬೇಕು, ಕುಸ್ತಿ ಕಲಸೂ ವಸ್ತಾದರೂ ಸಲಕಿ ಹಿಡೀಬೇಕು. ಸಣ್ಣವರ ಕಡಿಂದ ಮಾತ್ರ ಮಣ್ಣ ಅಗಸಿ, ಕಾಲ ಒತ್ತಿಸಿಕೊಳ್ಳೂ ಗರಡಿ ಇದ್ರ ಅಲ್ಲಿಂದ ಹುಡುಗನ್ನ ಕರಕೊಂಡ ಬರ್ರಿ.

ಒಳಗ ಹೋಗೂ ಮುಂದ ಕಾಲ್ಮರಿ ಹೊರಗ, ಮಣ್ಣ ಮುಟ್ಟಿ ಹಣಿಗೆ ಹಚ್ಚೂದು, ಜೋಡಿಗೆ ಕೈ ಕೊಡೂದು. ಚಿತ್ ಮಾಡಿದವ ಕೈ ಕೊಟ್ಟು ಬಿದ್ದವನ್ನ ಎಬ್ಬಿಸಬೇಕು, ಬೆನ್ನಿನ ಮಣ್ಣ ಝಾಡಿಸಬೇಕು. ಅಭ್ಯಾಸದಾಗ ದೊಡ್ಡವ ಸಣ್ಣವಗ ಪಟ್ಟ ಹಾಕಾಕ ಆಸ್ಪದ ಕೊಡಬೇಕು. ತನ್ನ ಬಲ ಎಷ್ಟ ಬಿಡಬೇಕು, ಎಷ್ಟ ಹಿಡೀಬೇಕು ಅನ್ನೂದು ದೊಡ್ಡವ ಕಲಿಯೂದು ಅಲ್ಲೇ. ನಿಮ್ಮ ಹುಡುಗಗ ತಂಗಿ ಅದಾಳಲ್ಲ, ಅವಗ ಇದು ಬೇಕ ಬೇಕು.

ಈ ವಯಸ್ಸಿಗೆ ದಂಡ 5ರಿಂದ 8, ಬೈಠಕ್ 15, ಎರಡ ಸರ್ತಿ, ಅಷ್ಟೇ. ದಂಡದಾಗ ನಡ ಜೋತ ಬಿತ್ತಂದ್ರ ಅಲ್ಲೇ ನಿಲ್ಲಸ್ರಿ. ಶಿಕ್ಷಾ ಅಂತ 100, 200 ಬೈಠಕ್ ಹೊಡಸಿದ್ರ ಮಣಕಾಲ ಕೆಡ್ತಾವ, ಸ್ನಾಯು ಹರದು ಮೂತ್ರಪಿಂಡಕ್ಕ ತ್ರಾಸ ಆಗೂದೂ ಉಂಟು. ಊಟಕ್ಕ ಬ್ಯಾರೆ ಏನೂ ಬ್ಯಾಡ: ರೊಟ್ಟಿ, ಹೆಸರ ಕಾಳ, ಶೇಂಗಾ ಹಿಂಡಿ, ಹಾಲು, ತಿನ್ನವರಿದ್ರ ತತ್ತಿ. ಡಬ್ಬಿ ಪೌಡರ್ ಬ್ಯಾಡ. ಸಣ್ಣ ತೂಕದಾಗ ಆಡಸಾಕ ಊಟ ಬಿಡಸೂದು ಅಂತೂ ಪಾಪದ ಕೆಲಸ. ಮೈ ಮೈ ತಿಕ್ಕೂದರಿಂದ ಗಜಕರ್ಣ ಜಲ್ದಿ ಹಬ್ಬತೈತಿ. ಉಗುರ ತಗದಿರಬೇಕು, ಮನಿಗೆ ಬಂದ ಕೂಡಲೆ ಜಳಕ, ಟಾವೆಲ್ ಅವಂದೇ ಬ್ಯಾರೆ.

ಜಾತ್ರಿ ಕಣಕ್ಕ 12 ತುಂಬೂತನಕ ಇಳಸಬ್ಯಾಡ್ರಿ. ರೊಕ್ಕದ ಇನಾಮು, ಸುತ್ತ ಕೇಕಿ, ಮ್ಯಾಲ ಪಣ. ಸೋತ ಹುಡುಗನ ಮುಖ ನೋಡೂವರು ಅಲ್ಲಿ ಯಾರೂ ಇರೂದಿಲ್ಲ.

ಉತ್ತರ: ಕಟಾ ವಿಜಯಪುರ

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ. ಓಣಿಯಲ್ಲಿರುವುದು ಕರಾಟೆ ಅಂದಿದ್ದೀರಿ, ಹಾಗಾಗಿ ಅದರ ಬಗ್ಗೆ. ಮನೆಗೆ ಹತ್ತಿರ ಇರುವುದೂ ಒಂದು ದೊಡ್ಡ ಗುಣ. ದೂರ ಇದ್ದರೆ ಮಳೆಗಾಲದಲ್ಲಿ ತಪ್ಪಿಸುವುದೇ ಹೆಚ್ಚು.

ಕರಾಟೆಯಲ್ಲಿ ಬೆಳೆಯುವುದು ಬೇಸರ ತಡೆಯುವ ಶಕ್ತಿ. ಕಟಾ ಅಂದರೆ ಒಬ್ಬರೇ ಕ್ರಮವಾಗಿ ಮಾಡುವ ಚಲನೆಗಳ ಸರಣಿ. ಶೋಟೋಕಾನ್ ಶೈಲಿಯ ಮೊದಲ ಕಟಾಗಳಲ್ಲಿ ಒಂದಾದ ಹೇಯಾನ್ ಶೋದಾನ್‌ನಲ್ಲಿ 21 ಚಲನೆ. ಇದನ್ನು ಒಂದೇ ದಿನ ಕಲಿಸುವವರಿದ್ದಾರೆ. ಮಗು ಒಪ್ಪಿಸುತ್ತದೆ, ಆದರೆ ಅದು ಮಗ್ಗಿ ಒದರಿದ ಹಾಗೆ. ಸರಿಯಾದ ದಾರಿ ಅಂದರೆ ನಾಲ್ಕೈದು ಚಲನೆ ತೆಗೆದುಕೊಂಡು, ಪ್ರತಿ ಎಣಿಕೆಗೂ ನಿಲ್ಲಿಸಿ ಕಾಲು ನೋಡುವುದು: ಮುಂದಿನ ಮೊಣಕಾಲು ಪಾದದ ಮೇಲೆ ಬಂದಿದೆಯೇ, ಹಿಂದಿನ ಹಿಮ್ಮಡಿ ನೆಲಕ್ಕೆ ಹತ್ತಿದೆಯೇ, ತಿರುಗುವ ಮೊದಲು ಕಣ್ಣು ಆ ಕಡೆ ಹೋಯಿತೇ. ತಿರುಗುವಲ್ಲಿ ಎಲ್ಲ ಮಕ್ಕಳೂ ತಪ್ಪುತ್ತಾರೆ, ಯಾಕೆಂದರೆ ಕಾಲು ಮೊದಲು ಓಡುತ್ತದೆ, ಕಣ್ಣು ಆಮೇಲೆ. "ನೋಡು, ಆಮೇಲೆ ತಿರುಗು" ಅನ್ನುವ ಈ ಎರಡು ಮಾತನ್ನು ನೀವು ರಸ್ತೆ ದಾಟುವಾಗಲೂ, ಲೆಕ್ಕ ಬಿಡಿಸುವಾಗಲೂ ಹಾಗೇ ಬಳಸಿ. ಕ್ಲಾಸಿನ ಮಾತು ಮನೆಯಲ್ಲಿ ಕಿವಿಗೆ ಬಿದ್ದರೆ ಮಾತ್ರ ಮಗುವಿಗೆ ಎರಡೂ ಒಂದೇ ಅಂತ ಹೊಳೆಯುತ್ತದೆ.

ಇನ್ನೊಂದು, ಹೊಡೆತ ನಿಲ್ಲಿಸುವುದು. ಹಳೆಯ ಪೇಪರಿನ ಒಂದು ಹಾಳೆಯನ್ನು ದಾರಕ್ಕೆ ಕಟ್ಟಿ ಮಗುವಿನ ಎದೆಮಟ್ಟಕ್ಕೆ ತೂಗುಬಿಡಿ. ಪೂರ್ತಿ ವೇಗದಲ್ಲಿ ಮುಷ್ಟಿ ಹೋಗಬೇಕು, ಹಾಳೆಗೆ ತಾಗಬಾರದು, ಗಾಳಿಗೆ ಅದು ಅಲುಗಬೇಕು. ಮೊದಮೊದಲು ಹಾಳೆ ಹರಿಯುತ್ತದೆ, ಇಲ್ಲವೆ ಹುಡುಗ ಹೆದರಿ ಅರ್ಧಕ್ಕೇ ನಿಧಾನ ಮಾಡುತ್ತಾನೆ. ಎರಡೂ ತಪ್ಪೇ. ವೇಗವೂ ಇರಬೇಕು, ತಡೆಯೂ ಇರಬೇಕು. ದಿನಕ್ಕೆ 20 ಸಲ, ಬಲಗೈ ಎಡಗೈ ಎರಡೂ. ಸಿಟ್ಟಿನ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಆಟ ನನಗೆ ತಿಳಿಯದು.

ಬೆಲ್ಟಿನ ವಿಷಯದಲ್ಲಿ ಎಚ್ಚರ. ಸಾಮಾನ್ಯವಾಗಿ 10ನೇ ಕ್ಯೂನಿಂದ (ಕಪ್ಪು ಬೆಲ್ಟಿಗಿಂತ ಮೊದಲಿನ ದರ್ಜೆಗೆ ಕ್ಯೂ ಅನ್ನುತ್ತಾರೆ) ಇಳಿಯುತ್ತಾ 1ನೇ ಕ್ಯೂಗೆ ಬಂದು ಆಮೇಲೆ ಕಪ್ಪು ಬೆಲ್ಟ್. ಮನಸ್ಸಿಟ್ಟು ಕಲಿತರೂ ಮೂರು, ನಾಲ್ಕು ವರ್ಷಕ್ಕಿಂತ ಕಡಿಮೆ ಆಗುವುದಿಲ್ಲ, ಮಕ್ಕಳಿಗೆ ಇನ್ನೂ ಹೆಚ್ಚು. "ಒಂದೂವರೆ ವರ್ಷಕ್ಕೆ ಬ್ಲ್ಯಾಕ್ ಬೆಲ್ಟ್, ಇಷ್ಟು ಹಣ" ಅಂದರೆ ಅದು ಅಂಗಡಿ. ಸೇರಿಸುವ ಮೊದಲು ಒಂದೇ ಪ್ರಶ್ನೆ ಕೇಳಿ: ಕಳೆದ ಪರೀಕ್ಷೆಯಲ್ಲಿ ಎಷ್ಟು ಮಕ್ಕಳು ಪಾಸಾಗಲಿಲ್ಲ? ಯಾರೂ ಫೇಲ್ ಆಗದ ಪರೀಕ್ಷೆಯಿಂದ ಸೋಲು ತಡೆಯುವುದನ್ನು ಕಲಿಯಲು ಸಾಧ್ಯವೇ? ನಿಮ್ಮ ಹುಡುಗ ಫೇಲ್ ಆದ ದಿನ ತರಬೇತುದಾರರ ಮೇಲೆ ಹರಿಹಾಯಬೇಡಿ, ಐಸ್‌ಕ್ರೀಮ್ ಕೊಡಿಸಿ ಮರೆಸಲೂ ಬೇಡಿ. ಯಾವ ಚಲನೆ ತಪ್ಪಿತು, ಅದನ್ನು ತೋರಿಸು, ನಾಳೆಯಿಂದ ಅದೊಂದನ್ನೇ 10 ಸಲ. ಅಷ್ಟು ಮಾತು ಸಾಕು.

ಕರಾಟೆಯನ್ನು ಒಕಿನಾವಾದಿಂದ ಜಪಾನಿನ ಮುಖ್ಯ ನೆಲಕ್ಕೆ ತಂದವರಲ್ಲಿ ಪ್ರಮುಖರಾದ ಗಿಚಿನ್ ಫುನಾಕೋಶಿ ಕೂಡ ಶಾಲಾ ಮಾಸ್ತರರೇ. 1922ರಲ್ಲಿ ಅವರನ್ನು ಕರೆಸಿ ತಮ್ಮ ಜೂಡೋ ಶಾಲೆ ಕೊಡೋಕಾನ್‌ನಲ್ಲಿ ಪ್ರದರ್ಶನ ಮಾಡಿಸಿದವರು ಮೇಲೆ ಹೇಳಿದ ಕಾನೋ. ಜೂಡೋ ದೊಡ್ಡದೋ ಕರಾಟೆ ದೊಡ್ಡದೋ ಎಂದು ಜಗಳಾಡುವವರಿಗೆ ಇದು ನೆನಪಿರಲಿ.

ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆಗ ಕ್ಲಾಸ್ ಬೆಳಿಗ್ಗೆ 8ರೊಳಗೆ ಮುಗಿಯಬೇಕು, 20 ನಿಮಿಷಕ್ಕೊಮ್ಮೆ ನೀರು ಕುಡಿಸಬೇಕು. ನೀರು ಕೇಳಿದ್ದಕ್ಕೆ "ಶಿಸ್ತಿಲ್ಲ" ಅನ್ನುವ ಕಡೆ ಮಕ್ಕಳನ್ನು ಬಿಡಬೇಡಿ.

ಶಹಾಪುರದ ತಾಯಿ

ಇಷ್ಟ ಬಿಡಿಸಿ ಬರದಿದ್ದಕ್ಕ ಭಾಳ ಉಪಕಾರ ಆತ್ರಿ. ಇನ್ನೂ ಮೂರ ಮಾತ. ಸಾಲ್ಯಾಗ ಡಬ್ಬಿ ಕಸಗೊಂಡ್ರ ಖರೇನ ಏನ್ ಮಾಡಂತ ಹೇಳ್ಬೇಕು? ಕಲತ ಪಟ್ಟು ತಂಗಿ ಮ್ಯಾಲ ಹಾಕಿದ್ರ? ಮನ್ಯಾಗ ತಪ್ಪ ಮಾಡಿದ್ರ ಕ್ಲಾಸ್ ಬಂದ್ ಮಾಡೂದು ಸರಿಯೋ?

ಉತ್ತರ: ಪಿ.ಟಿ. ಮಾಸ್ತರ (ಬಾಗಲಕೋಟೆ ನವನಗರ)

ಡಬ್ಬಿ ವಿಷಯ. ಇದನ್ನ ಮನ್ಯಾಗ ನಾಟಕ ಆಡಿ ಕಲಸ್ರಿ, ದಿನಾ 5 ನಿಮಿಷ. ನೀವು ಕಸಗೊಳ್ಳೂ ಹುಡುಗ ಆಗ್ರಿ. ಅವನ ಕಾಲು ಹೆಗಲಿನಷ್ಟು ಅಗಲ, ಬೆನ್ನು ನೆಟ್ಟಗ, ಒಂದು ಅಂಗೈ ಎದಿ ಮುಂದ ತೆರದು. ಕಣ್ಣು ನೋಡಿ ಎರಡೇ ಶಬ್ದ: "ಡಬ್ಬಿ ಕೊಡು." ದನಿ ಹೊಟ್ಟಿಯಿಂದ ಬರಬೇಕು, ಗಂಟಲಿಂದಲ್ಲ. ಮೊದಲ ಸಲ ಮಕ್ಕಳು ನಗ್ತಾರ, ಇಲ್ಲಾ ನೆಲ ನೋಡ್ತಾರ. ನಾಕನೇ ದಿನಕ್ಕ ದನಿ ಬರ್ತೈತಿ. ಕೊಡಲಿಲ್ಲಂದ್ರ ಒಂದ ಹೆಜ್ಜಿ ಹಿಂದ ಸರದು, ಇನ್ನೊಮ್ಮೆ ಜೋರಾಗಿ, ಎಲ್ಲಾರಿಗೂ ಕೇಳೂವಂಗ. ಆಮೇಲ ಸೀದಾ ಟೀಚರ್ ಹತ್ರ. ಟೀಚರಿಗೆ ಹೇಳೂದು ಚಾಡಿ ಅಲ್ಲ ಅಂತ ನೀವು ಮನ್ಯಾಗ ಮೊದಲ ಒಪ್ಪಬೇಕು, ಭಾಳ ಮಂದಿ ಅಪ್ಪಗಳು ಇಲ್ಲೇ ತಪ್ಪತಾರ: "ನೀನೂ ನಾಕ ಕೊಟ್ಟ ಬಾ" ಅಂತಾರ.

ಕೈ ಹಿಡದ್ರ ಬಿಡಿಸಿಕೊಳ್ಳೂದು ಇಷ್ಟೇ: ಹಿಡದವನ ನಾಕು ಬೆರಳು ಒಂದ ಕಡೆ ಇರ್ತಾವ, ಹೆಬ್ಬೆರಳು ಒಂದೇ ಇನ್ನೊಂದ ಕಡೆ. ಕೈ ಆ ಹೆಬ್ಬೆರಳ ಕಡೆ ತಿರುವಿ, ಮೊಣಕೈ ಮಡಚಿ ತನ್ನ ಕಡೆ ಎಳಕೋಬೇಕು. ಸುಮ್ಮ ಹಿಂದಕ್ಕ ಜಗ್ಗಿದ್ರ ಬಲ ಇದ್ದವನ ಗೆಲ್ತಾನ.

ತಪ್ಪ ಮಾಡಿದ್ರ ಒಂದ ವಾರ ಕ್ಲಾಸ್ ಬಂದ್ ಮಾಡ್ರಿ ಅಂತ ನನ್ನ ಅಭಿಪ್ರಾಯ. ಪ್ರೀತಿದ್ದನ್ನ ನಿಲ್ಲಿಸಿದಾಗ ಬಿಸಿ ತಟ್ಟತೈತಿ.

ಸೇರಿಸೂ ಮೊದಲ ಇನ್ನೊಂದ ನೋಡ್ರಿ. ಪಾಲಕರು ಕುಂತು ನೋಡಾಕ ಬಿಡದ ಕ್ಲಾಸ್ ಬ್ಯಾಡ. ಮೈ ಮುಟ್ಟಿ ತಿದ್ದೂ ಮುಂಚೆ ತರಬೇತುದಾರ ಬಾಯಿಲೆ ಹೇಳಬೇಕು. ಒಬ್ಬ ಮಗುವನ್ನ ಒಂಟಿಯಾಗಿ ಹಿಂದ ಉಳಸಿಕೊಳ್ಳಬಾರದು. ಏನರ ಸಂಶಯ ಬಂದ್ರ ಮಕ್ಕಳ ಸಹಾಯವಾಣಿ 1098, ಮತ್ತ 2012ರ ಪೋಕ್ಸೊ ಕಾಯ್ದೆ ಐತಿ. ಗುರು ಅಂದ ಮಾತ್ರಕ್ಕ ಪ್ರಶ್ನಿ ಕೇಳಬಾರದು ಅಂತೇನಿಲ್ಲ.

ಉತ್ತರ: ಜೂಡೋ ಮ್ಯಾಟ್ (ಬೆಳಗಾವಿ)

ಮಾಸ್ತರ, ಉಳಿದದ್ದೆಲ್ಲ ಒಪ್ಪಿದೆ, ಕ್ಲಾಸ್ ಬಂದ್ ಮಾಡುವುದನ್ನು ಮಾತ್ರ ಒಪ್ಪಲಾರೆ. ಲೆಕ್ಕದಲ್ಲಿ ತಪ್ಪಿದವನನ್ನು ಲೆಕ್ಕದ ತಾಸಿನಿಂದ ಹೊರಗೆ ಹಾಕುತ್ತೇವೆಯೇ? ಅವನು ಡ್ರೆಸ್ ಹಾಕಿಕೊಂಡೇ ಬರಲಿ, ಮ್ಯಾಟಿನ ಅಂಚಿಗೆ ಕೂರಲಿ. ಬೇರೆಯವರಿಗೆ ಎಣಿಕೆ ಹೇಳಲಿ, ನೀರಿನ ಬಾಟಲಿ ಕೊಡಲಿ. ಕೊನೆಯ 10 ನಿಮಿಷ ಮಾತ್ರ ಇಳಿಯಲಿ. ಯಾಕೆ ಕೂತಿದ್ದೇನೆ ಅನ್ನುವುದನ್ನು ಅವನೇ ತರಬೇತುದಾರರಿಗೆ ಹೇಳಬೇಕು, ತಾಯಿ ಹೇಳಬಾರದು. ಮನೆಯಲ್ಲಿ ಕೂತು ಟಿ.ವಿ. ನೋಡುವ ಒಂದು ವಾರಕ್ಕಿಂತ ಆ 50 ನಿಮಿಷ ಭಾರ.

ತಂಗಿ ಮೇಲೆ ಪಟ್ಟು ಹಾಕುವುದಕ್ಕೆ ನಿಯಮ ಒಂದೇ, ಮೊದಲ ದಿನವೇ ಹೇಳಿಬಿಡಿ: ಮ್ಯಾಟ್ ಇಲ್ಲದ ಕಡೆ ಎಸೆಯುವುದಿಲ್ಲ. ಫರಸಿ ಮೇಲೆ ಬಿದ್ದರೆ ಎಷ್ಟು ಚೆನ್ನಾಗಿ ಬಿದ್ದರೂ ಪೆಟ್ಟೇ. ಜೊತೆಗೆ ತಟ್ಟುವ ನಿಯಮವನ್ನು ಇಡೀ ಮನೆಗೆ ತನ್ನಿ. ಕಚಗುಳಿ ಇಡುವಾಗ, ಹಗ್ಗಜಗ್ಗಾಟದಲ್ಲಿ, ಚೇಷ್ಟೆ ಮಾಡುವಾಗ, ತಂಗಿ ಎರಡು ಸಲ ತಟ್ಟಿದರೆ ಅಥವಾ "ಸಾಕು" ಅಂದರೆ ಆ ಗಳಿಗೆಗೆ ಕೈ ಬಿಡಬೇಕು. ದೊಡ್ಡವರಿಗೂ ಇದೇ ನಿಯಮ. ಅವನ ಕೆನ್ನೆ ಜಿಗುಟುವ ಮಾವನಿಗೆ ಅವನು ತಟ್ಟಿದರೆ ಮಾವನೂ ಬಿಡಬೇಕು, ಮತ್ತು ನೀವು ಮಾವನ ಪರ ನಿಲ್ಲಬಾರದು. ತನ್ನ "ಸಾಕು"ವಿಗೆ ಬೆಲೆ ಸಿಕ್ಕಿದ ಹುಡುಗನಿಗೆ ಸಾಲಿಯಲ್ಲಿ ಬಾಯಿ ಬರುತ್ತದೆ.

ಶಹಾಪುರದ ತಾಯಿ

ತಿಳೀತ್ರಿ. ಸೋಮವಾರ ಜೂಡೋ ಕ್ಲಾಸಿಗೆ ಹೋಗಿ ಕುಂತು ನೋಡಿ ಬರ್ತೀನಿ. ಮಗಳನ್ನೂ ಜೋಡಿ ಹಾಕಬಹುದಾ? ಡ್ರೆಸ್ ಯಾವ ಅಳತೀದು ತರಬೇಕು?

ಉತ್ತರ: ಜೂಡೋ ಮ್ಯಾಟ್ (ಬೆಳಗಾವಿ)

6 ವರ್ಷಕ್ಕೆ ಉರುಳುವುದು, ಬೀಳುವುದು, ಹಿಡಿದು ಆಡುವ ಆಟ, ಇಷ್ಟನ್ನು ಕಲಿಸುವ ಬ್ಯಾಚ್ ಇದ್ದರೆ ಧಾರಾಳವಾಗಿ ಹಾಕಿ. ಅಣ್ಣ ತಂಗಿಯನ್ನು ಒಂದೇ ಜೋಡಿ ಮಾಡಬೇಡಿ ಅಂತ ತರಬೇತುದಾರರಿಗೆ ಹೇಳಿ. ಮನೆಯ ಜಗಳ ಮ್ಯಾಟಿಗೆ ಬರುತ್ತದೆ.

ಡ್ರೆಸ್ಸಿನ ಅಳತೆ ಮಗುವಿನ ಎತ್ತರ, ಸೆಂಟಿಮೀಟರಿನಲ್ಲಿ: 120, 130, 140 ಹೀಗೆ. ದಪ್ಪ ಹತ್ತಿಬಟ್ಟೆ ಮೊದಲ ಎರಡು ತೊಳೆತಕ್ಕೆ ಕುಗ್ಗುತ್ತದೆ. ಅದಕ್ಕೆ 125 ಸೆಂ.ಮೀ. ಇರುವವನಿಗೆ 140 ತನ್ನಿ, ತಣ್ಣೀರಿನಲ್ಲೇ ತೊಳೆಯಿರಿ. ಮೊದಲ ತಿಂಗಳು ಡ್ರೆಸ್ ಬೇಕಾಗಿಯೇ ಇಲ್ಲ, ಟೀ ಶರ್ಟ್ ಮತ್ತು ಟ್ರ್ಯಾಕ್ ಪ್ಯಾಂಟ್ ಸಾಕು. ಮಗು ನಿಲ್ಲುತ್ತದೋ ನೋಡಿಕೊಂಡು ಕೊಳ್ಳಿ.

ಬೆಲ್ಟ್ ಕಟ್ಟುವುದನ್ನು ಅವನ ಕೈಯಿಂದಲೇ ಮಾಡಿಸಿ. ಬೆಲ್ಟಿನ ನಡು ಹೊಕ್ಕುಳ ಮೇಲೆ. ಎರಡೂ ತುದಿ ಬೆನ್ನ ಹಿಂದೆ ಹೋಗಿ, ಅದಲುಬದಲಾಗಿ ಮುಂದೆ ಬರಬೇಕು. ಮೇಲೆ ಬಂದ ತುದಿಯನ್ನು ಎರಡೂ ಸುತ್ತಿನ ಕೆಳಗಿನಿಂದ ತೂರಿಸಿ ಮೇಲೆಳೆದು, ಇನ್ನೊಂದು ತುದಿಯ ಜೊತೆ ಗಂಟು ಹಾಕಬೇಕು. ಸರಿಯಾಗಿ ಬಿದ್ದರೆ ಗಂಟು ಚಪ್ಪಟೆಯಾಗಿ ಅಡ್ಡ ಕೂರುತ್ತದೆ, ಎರಡೂ ತುದಿ ಒಂದೇ ಉದ್ದ, 20ರಿಂದ 30 ಸೆಂ.ಮೀ. ಉಳಿಯುತ್ತದೆ. ತುದಿ ಒಂದು ಮೇಲೆ ಒಂದು ಕೆಳಗೆ ನಿಂತರೆ ಗಂಟು ತಿರುವುಮುರುವು ಆಗಿದೆ, ಹತ್ತು ನಿಮಿಷಕ್ಕೆ ಬಿಚ್ಚುತ್ತದೆ. ಮೊದಲೆರಡು ವಾರ ಅವನಿಗೆ ಐದಾರು ನಿಮಿಷ ಹಿಡಿಯುತ್ತದೆ, ಅದಕ್ಕೆ ಮನೆಯಿಂದ ಹತ್ತು ನಿಮಿಷ ಮೊದಲೇ ಹೊರಡಿ.